ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತೆ, ಚೊಗರಿನ ಕಲೆ ಯಾಕೆ ಹೋಗಲ್ಲ?

ಅಡಕೆ ಗೊನೆಯ ಕೊಯ್ಲು ಶುರುವಾಯಿತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಸಾರು ಚೆಲ್ಲಿ ಆದ ಅರಿಶಿನದ ಕಲೆ ಎರಡು ಬಿಸಿಲಿಗೆ ಹೊರಟು ಹೋಗುತ್ತೆ. ಅಡಕೆ ಬೇಯಿಸಿದ ಚೊಗರು ನೀರು ತಾಗಿದರೆ ಮಾತ್ರ ಬಟ್ಟೆ ಹರಿದರೂ ಕಲೆ ಹೋಗಲ್ಲ. ಎರಡೂ ಗಿಡದ ಬಣ್ಣವೇ ಅಲ್ವಾ, ಯಾಕೆ ಹೀಗೆ?"

ಚಿಕ್ಕ ಉತ್ತರ ಇಷ್ಟು. ಬಣ್ಣ ಗಿಡದ್ದೋ, ಮಣ್ಣಿನದೋ, ಕಾರ್ಖಾನೆಯದೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಿಸಿಲು ಬಿದ್ದಾಗ ಅದರ ಅಣು ಒಡೆಯುತ್ತದಾ ಇಲ್ಲವಾ, ನೂಲನ್ನು ಅದು ಯಾವುದರ ಬಲದಿಂದ ಹಿಡಿದುಕೊಂಡಿದೆ, ಈ ಎರಡನ್ನು ನೋಡಬೇಕು. ಇದು ಗೊತ್ತಾದರೆ ಬಣ್ಣದ ಚರಿತ್ರೆಯಲ್ಲಿ ದೊಡ್ಡ ಪಾಲು ಅರ್ಥವಾದಂತೆ. ಯಾಕೆಂದರೆ ಬಣ್ಣ ಸಿಗುವುದು ಯಾವ ಕಾಲದಲ್ಲೂ ಅಷ್ಟು ಕಷ್ಟವಾಗಿರಲಿಲ್ಲ. ಅದನ್ನು ನಿಲ್ಲಿಸುವುದೇ ಕಷ್ಟ.

ಮೊದಲು ಅರಿಶಿನ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್ ಅನ್ನುವ ವಸ್ತು. ಹತ್ತಿ ಬಟ್ಟೆಗೆ ಅದು ಯಾರ ಸಹಾಯವೂ ಇಲ್ಲದೆ ತಾನಾಗಿ ಅಂಟುತ್ತದೆ, ಅದಕ್ಕೇ ಒಂದು ಹನಿ ಸಾರು ಬಿದ್ದರೂ ಕಲೆ. ಆದರೆ ಬೆಳಕಿಗೆ ಬಹಳ ಸೂಕ್ಷ್ಮ. ಬಿಸಿಲು ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಅಣುವನ್ನು ತುಂಡು ಮಾಡುತ್ತವೆ, ಆ ತುಂಡುಗಳಿಗೆ ಬಣ್ಣ ಇರುವುದಿಲ್ಲ. ಹೊಸ ಬಟ್ಟೆ ಉಡುವ ಮೊದಲು ಮೂಲೆಗೆ ಅರಿಶಿನ ಹಚ್ಚುತ್ತೇವಲ್ಲ, ಆ ಗುರುತು ನಾಲ್ಕಾರು ಸಲ ಒಗೆದು ಒಣಗಿಸುವಷ್ಟರಲ್ಲಿ ಕಾಣೆಯಾಗುವುದು ಇದೇ ಕಾರಣಕ್ಕೆ. ಸೋಪು ಹಾಕಿದ ಕೂಡಲೇ ಅರಿಶಿನದ ಕಲೆ ಕೆಂಪಾಗುವುದನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ರಕ್ತಗೆಂಪಾಗುತ್ತದಲ್ಲ, ಅದೇ ಇದು. ಕ್ಷಾರ ಸೇರಿದರೆ ಕೆಂಪು, ನೀರಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ.

ಈಗ ಚೊಗರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಸಿ ಅಡಕೆಯನ್ನು ಸುಲಿದು ಹೋಳು ಮಾಡಿದ ಕ್ಷಣ ಒಳಗೆಲ್ಲ ಬೆಳ್ಳಗಿರುತ್ತದೆ. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಕಂದು ತಿರುಗುತ್ತದೆ. ಅಡಕೆಯಲ್ಲಿ ಟ್ಯಾನಿನ್ ಜಾಸ್ತಿ. ಬಾಯಿ ಒಗರಾಗುವುದು, ನಾಲಿಗೆ ಹಿಡಿದ ಹಾಗಾಗುವುದು ಅದರಿಂದಲೇ. ಬೇಯಿಸಿದಾಗ ಈ ಟ್ಯಾನಿನ್ ನೀರಿಗೆ ಇಳಿಯುತ್ತದೆ, ಅದೇ ನೀರಿನಲ್ಲಿ ಹಂಡೆ ಮೇಲೆ ಹಂಡೆ ಬೇಯಿಸುತ್ತ ಹೋದರೆ ಕೆಂಪಗೆ ಗಟ್ಟಿ ಚೊಗರು ಆಗುತ್ತದೆ, ಒಣಗಿಸಿದ ಅಡಕೆಗೆ ಆ ಹೊಳಪು ಕೆಂಪು ಬರುವುದೂ ಅದರಿಂದಲೇ. ಕವಳ (ಎಲೆಯಡಕೆ) ಹಾಕಿದಾಗ ಬಾಯಿ ಕೆಂಪಾಗುತ್ತದಲ್ಲ, ಅಲ್ಲಿ ಸುಣ್ಣದ ಕ್ಷಾರ ಸಿಕ್ಕು ಇದೇ ಕೆಲಸ ನಿಮಿಷದಲ್ಲಿ ಆಗುತ್ತದೆ.

ಬಟ್ಟೆಗೆ ತಾಗಿದಾಗ ಏನಾಗುತ್ತದೆ ನೋಡಿ. ಹನಿ ಬೀಳುವಾಗ ಅದರಲ್ಲಿರುವ ಟ್ಯಾನಿನ್ ಅಣುಗಳಲ್ಲಿ ಬಹಳಷ್ಟು ಚಿಕ್ಕವು, ನೀರಲ್ಲಿ ಕರಗಿರುತ್ತವೆ, ಹಾಗಾಗಿ ನೂಲಿನ ಎಳೆಯ ಒಳಗೆ ಸಲೀಸಾಗಿ ನುಗ್ಗುತ್ತವೆ. ಒಳಗೆ ಹೋದ ಮೇಲೆ ಗಾಳಿ ತಾಗಿ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಬಣ್ಣ ಗಾಢವಾಗುತ್ತದೆ, ಮತ್ತೆ ನೀರಲ್ಲಿ ಕರಗುವುದಿಲ್ಲ. ಬಂದ ದಾರಿಯಲ್ಲಿ ಹೊರಗೆ ಹೋಗುವ ಹಾಗೇ ಇಲ್ಲ! ಬಿಸಿಲಿಗೆ ಹಾಕಿದರೆ ಕರ್ಕ್ಯುಮಿನ್‌ನಂತೆ ಒಡೆದು ಬೆಳ್ಳಗಾಗುವುದಿಲ್ಲ, ಇನ್ನೂ ಕಂದಾಗುತ್ತದೆ.

ಇದರ ಜೊತೆಗೆ ಕಬ್ಬಿಣ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಅಡಕೆ ಸುಲಿಯುವವರ ಬೆರಳು ನೋಡಿದ್ದೀರಲ್ಲ. ಹೆಬ್ಬೆರಳಿನ ಗೀರುಗಳಲ್ಲಿ, ಉಗುರಿನ ಸಂದಿಯಲ್ಲಿ ಕೂತಿರುವುದು ಕಂದಲ್ಲ, ಕಡುಗಪ್ಪು. ಕತ್ತಿಯ ಕಬ್ಬಿಣ ಚೂರು ಚೂರೇ ಅಡಕೆಯ ರಸಕ್ಕೆ ಸೇರುತ್ತದೆ, ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು. ಯುರೋಪಿನಲ್ಲಿ ಮಧ್ಯಯುಗದಿಂದ 19ನೇ ಶತಮಾನದವರೆಗೆ ಬರೆದ ಕಾಗದಪತ್ರಗಳ ಶಾಯಿಯಲ್ಲಿ ಬಹುಪಾಲು ಇದೇ. ಅವರು ಟ್ಯಾನಿನ್‌ಗೆ ಓಕ್ ಮರದ ಗಂಟುಕಾಯಿ, ಕಬ್ಬಿಣಕ್ಕೆ ಅನ್ನಭೇದಿ ಎಂಬ ಲವಣ ಬೆರೆಸುತ್ತಿದ್ದರು. ನಮ್ಮಲ್ಲಿ ಟ್ಯಾನಿನ್‌ಗೆ ಅಳಲೆಕಾಯಿ ಇತ್ತು, ಘಟ್ಟದ ಕಾಡಿನಲ್ಲಿ ಬೇಕಾದಷ್ಟು. ಬಟ್ಟೆಯ ಮೇಲೆ ಕೈಯಿಂದ ಚಿತ್ರ ಬಿಡಿಸುವ ಆಂಧ್ರದ ಕಲಂಕಾರಿಯವರು ಇವತ್ತಿಗೂ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ, ಅಳಲೆಕಾಯಿಯ ರಸದಲ್ಲಿ ಅದ್ದಿದ ಬಟ್ಟೆಯ ಮೇಲೆ ಆ ನೀರಿನಿಂದ ಗೆರೆ ಎಳೆಯುತ್ತಾರೆ. ತಾಗಿದಲ್ಲೆಲ್ಲ ಕಪ್ಪು. ಈ ಕಪ್ಪಿಗೆ ಒಂದು ಕೆಟ್ಟ ಗುಣವೂ ಇದೆ. ಒಳಗಿನ ಕಬ್ಬಿಣ ನಿಧಾನವಾಗಿ ನೂಲನ್ನೂ ಕಾಗದವನ್ನೂ ತಿನ್ನುತ್ತದೆ. ಹಳೆಯ ಪತ್ರಗಳಲ್ಲಿ ಅಕ್ಷರ ಇದ್ದ ಜಾಗವೇ ತೂತಾಗಿರುವುದುಂಟು. "ಬಟ್ಟೆ ಹರಿದರೂ ಕಲೆ ಹೋಗಲ್ಲ" ಅನ್ನುವ ಮಾತು ಸುಳ್ಳಲ್ಲ, ಕಪ್ಪು ಕಲೆ ಇದ್ದಲ್ಲೇ ಬಟ್ಟೆ ಮೊದಲು ಪಿಸಿಯುವ ಸಾಧ್ಯತೆ ಜಾಸ್ತಿ.

ಹಾಗಾದರೆ ಮಾಡುವುದೇನು? ಚೊಗರು ತಾಗಿದ ಕೂಡಲೇ, ಒಣಗಲು ಬಿಡದೆ, ಬರೀ ತಣ್ಣೀರಲ್ಲಿ ಚೆನ್ನಾಗಿ ತೊಳೆಯಿರಿ. ವಾಷಿಂಗ್ ಸೋಡಾ ಹಾಕಲೇಬೇಡಿ, ಕ್ಷಾರ ತಾಗಿದರೆ ಕಲೆ ಮತ್ತೂ ಗಾಢವಾಗುತ್ತದೆ. ಕಪ್ಪಾಗಿದ್ದರೆ ಲಿಂಬೆಹುಳಿ ತಿಕ್ಕಿ ನೋಡಿ. ಹುಳಿ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಕಪ್ಪು ತಿಳಿಯಾಗುತ್ತದೆ. ಅಡಿಯ ಕಂದು ಮಾತ್ರ ಉಳಿಯುತ್ತದೆ, ಅದಕ್ಕೆ ಮನೆಮದ್ದು ಇಲ್ಲ.

ಮನೆಯಲ್ಲಿ ತಲೆನೋವಾದ ಈ ಹಿಡಿತವೇ ಬಣ್ಣಗಾರರಿಗೆ ಬಂಗಾರ. ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕುತ್ತಾರೆ. ಚೊಗರಿಗೆ ಪಟಿಕ ಸೇರಿದರೆ ಒಂದು ಬಣ್ಣ, ಕಬ್ಬಿಣ ಸೇರಿದರೆ ಇನ್ನೊಂದೇ ಬಣ್ಣ.

ಪಟಿಕ ಅಂದೆ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಆ ಬಿಳಿ ಗಟ್ಟಿ. ಬಣ್ಣದ ಚರಿತ್ರೆಯಲ್ಲಿ ಅದಕ್ಕೆ ಇರುವ ಜಾಗ ದೊಡ್ಡದು, ಅದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ. ಮಂಜಿಷ್ಠದ ಬೇರಿನ ಕೆಂಪು ತಾನಾಗಿ ಹತ್ತಿಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಎರಡು ಒಗೆತಕ್ಕೆ ಇಳಿದು ಹೋಗುತ್ತದೆ. ಬಟ್ಟೆಗೆ ಮೊದಲು ಪಟಿಕದ ನೀರು ಕುಡಿಸಿದರೆ ಅದರಲ್ಲಿರುವ ಅಲ್ಯುಮಿನಿಯಂ ನಡುವೆ ನಿಂತು ಒಂದು ಕೈಯಲ್ಲಿ ನೂಲು, ಇನ್ನೊಂದು ಕೈಯಲ್ಲಿ ಬಣ್ಣ ಹಿಡಿದುಕೊಳ್ಳುತ್ತದೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದ, ಸುಮಾರು 4,000 ವರ್ಷ ಹಳೆಯ ಹತ್ತಿ ಬಟ್ಟೆಯ ಚೂರಿನಲ್ಲಿ ಸಿಕ್ಕಿದ್ದೂ ಮಂಜಿಷ್ಠದ ಜಾತಿಯ ಕೆಂಪೇ.

ರೋಮ್‌ನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲಿ ಈಜಿಪ್ಟಿನ ಬಣ್ಣಗಾರರ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಬಿಳಿ ಬಟ್ಟೆಗೆ ಅವರು ಏನೋ ಹಚ್ಚುತ್ತಾರೆ, ನೋಡಿದರೆ ಏನೂ ಕಾಣುವುದಿಲ್ಲ, ಕುದಿಯುವ ಬಣ್ಣದ ಹಂಡೆಗೆ ಅದ್ದಿ ತೆಗೆದರೆ ಬಟ್ಟೆಯ ಮೇಲೆ ಬೇರೆ ಬೇರೆ ಬಣ್ಣ! ಹಂಡೆಯಲ್ಲಿ ಇದ್ದದ್ದು ಒಂದೇ ಬಣ್ಣ. ಕಾರಣ ನಿಮಗೆ ಈಗ ಗೊತ್ತಲ್ಲ. ಹಚ್ಚಿದ್ದು ಪಟಿಕದಂಥ ಲವಣಗಳನ್ನು, ಒಂದೊಂದು ಲವಣ ಒಂದೊಂದು ಛಾಯೆ ಕೊಡುತ್ತದೆ.

ಪಟಿಕಕ್ಕಾಗಿ ದೊಡ್ಡ ರಾಜಕೀಯವೇ ನಡೆದಿದೆ. ಯುರೋಪಿಗೆ ಒಳ್ಳೆಯ ಪಟಿಕ ಬರುತ್ತಿದ್ದದ್ದು ಈಗಿನ ಟರ್ಕಿಯ ಕಡೆಯಿಂದ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಆಟೊಮನ್ನರ ಕೈ ಸೇರಿತು, ಆಮೇಲೆ ಅಲ್ಲಿಂದ ಪಟಿಕ ತರುವುದು ದುಬಾರಿಯಾಯಿತು. 1460ರ ದಶಕದ ಶುರುವಿನಲ್ಲಿ ರೋಮ್ ಹತ್ತಿರದ ಟೋಲ್ಫಾ ಗುಡ್ಡದಲ್ಲಿ ಪಟಿಕದ ಕಲ್ಲು ಸಿಕ್ಕಿದಾಗ ಪೋಪ್ ಅದನ್ನು ತಮ್ಮ ಹತೋಟಿಗೆ ತೆಗೆದುಕೊಂಡರು, ಕ್ರೈಸ್ತರು ಟರ್ಕಿಯ ಪಟಿಕ ಕೊಳ್ಳಬಾರದು ಎಂದು ಕಟ್ಟಪ್ಪಣೆಯೂ ಆಯಿತು.

ಹತ್ತಿಗೆ ಕೆಂಪು ನಿಲ್ಲಿಸುವ ಕೈಚಳಕದಲ್ಲಿ ಭಾರತದವರನ್ನು ಮೀರಿಸುವವರು ಇರಲಿಲ್ಲ. ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಿದ್ದು ಕರಿಮೆಣಸಿಗೆ ಮತ್ತು ಹುಬ್ಬಳ್ಳಿ ಕಡೆಯಿಂದ ಇಳಿದು ಬರುತ್ತಿದ್ದ ನಯವಾದ ಬಟ್ಟೆಗೆ. ಪೂರ್ವ ಕರಾವಳಿಯ ಕೋರಮಂಡಲ ಮತ್ತು ಗುಜರಾತಿನಿಂದ ಹೋದ ಹೂ ಚಿತ್ತಾರದ ಬಣ್ಣದ ಬಟ್ಟೆಗಳಂತೂ ಯುರೋಪಿಗೆ ಹುಚ್ಚು ಹಿಡಿಸಿದವು. ಎಷ್ಟು ಒಗೆದರೂ ಬಣ್ಣ ಹೋಗದ ಹತ್ತಿ ಬಟ್ಟೆ ಅವರಿಗೆ ಹೊಸದು. ಅಲ್ಲಿನ ನೇಕಾರರು ಗಲಾಟೆ ಎಬ್ಬಿಸಿದರು. ಫ್ರಾನ್ಸ್ 1686ರಲ್ಲಿ ಈ ಬಟ್ಟೆಗಳನ್ನು ನಿಷೇಧಿಸಿತು, 1759ರವರೆಗೆ ನಿಷೇಧ ಇತ್ತು. ಇಂಗ್ಲೆಂಡಿನಲ್ಲೂ 1721ರಲ್ಲಿ ಕಾಯಿದೆ ಬಂತು. ನಮ್ಮ ಬಣ್ಣಗಾರರ ಹೆಸರು ಎಲ್ಲೂ ಉಳಿದಿಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ.

ನೀಲಿಯ ದಾರಿ ಬೇರೆ. ನೀಲಿ ಗಿಡದ ಬಣ್ಣ ನೀರಲ್ಲಿ ಕರಗುವುದೇ ಇಲ್ಲ. ಹುಳಿ ಬರಿಸಿದ ತೊಟ್ಟಿಯಲ್ಲಿ ಆಮ್ಲಜನಕ ಕಳೆದುಕೊಂಡಾಗ ಮಾತ್ರ ಕರಗಿ ಹಳದಿ ಹಸಿರಾಗುತ್ತದೆ, ಬಟ್ಟೆ ಅದ್ದಿ ಗಾಳಿಗೆ ಎತ್ತಿದರೆ ನೋಡುತ್ತಿದ್ದ ಹಾಗೇ ನೀಲಿಯಾಗಿ ನೂಲಿನೊಳಗೆ ಸಿಕ್ಕಿಬೀಳುತ್ತದೆ. ಅದಕ್ಕೆ ಪಟಿಕ ಬೇಕಿಲ್ಲ.

ಇನ್ನು ಬಹಳ ಜನ ಇದರ ಜೊತೆಗೇ ಕೇಳುವ ಮಾತು: "ನೈಸರ್ಗಿಕ ಬಣ್ಣ ಒಳ್ಳೆಯದಾ, ಕೆಮಿಕಲ್ ಬಣ್ಣ ಒಳ್ಳೆಯದಾ?" ಈ ಎರಡು ಪಂಗಡ ಮಾಡುವುದರಿಂದ ಏನೂ ತಿಳಿಯುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾದ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಅಲ್ಲಿಂದ ಕಾರ್ಖಾನೆಯ ಬಣ್ಣಗಳ ಸಾಲೇ ಶುರು. ಅವುಗಳಲ್ಲಿ ಎಷ್ಟೋ ಬಿಸಿಲಿಗೆ ಅರಿಶಿನದಷ್ಟೇ ಸಲೀಸಾಗಿ ಮಾಸುತ್ತಿದ್ದವು. ಪರ್ಷಿಯಾದಲ್ಲಿ ರತ್ನಗಂಬಳಿಯ ಹೆಸರು ಕೆಡುತ್ತದೆ ಎಂದು ಸರಕಾರವೇ ಅವನ್ನು ನಿಷೇಧಿಸಬೇಕಾಯಿತು. ಇನ್ನೊಂದು ಕಡೆ, 1868ರಲ್ಲಿ ಜರ್ಮನಿಯ ಗ್ರೇಬ ಮತ್ತು ಲೀಬರ್‌ಮನ್ ಮಂಜಿಷ್ಠದ ಜಾತಿಯ ಬೇರಿನಲ್ಲಿರುವ ಕೆಂಪು ಅಣುವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದರು. ಅದೇ ಅಣು, ಅದೇ ಕೆಂಪು, ಅದಕ್ಕೂ ಪಟಿಕ ಬೇಕೇ ಬೇಕು. ಫ್ರಾನ್ಸಿನಲ್ಲಿ ಆ ಬೇರು ಬೆಳೆಯುತ್ತಿದ್ದ ರೈತರ ಬದುಕು ಮಾತ್ರ ಕೆಲವೇ ವರ್ಷಗಳಲ್ಲಿ ಹಾಳಾಯಿತು. ನೀಲಿಗೂ ಹಾಗೇ ಆಯಿತು, ಜರ್ಮನಿಯ ಬಿಎಎಸ್‌ಎಫ್ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು.

ಹಿಡಿತದ ಸಮಸ್ಯೆಯನ್ನು ಪೂರ್ತಿ ಹೊಸ ರೀತಿಯಲ್ಲಿ ಬಿಡಿಸಿದ್ದು 1956ರಲ್ಲಿ. ಇಂಗ್ಲೆಂಡಿನ ಐಸಿಐ ಕಂಪನಿ ತಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ಅಣುವಿನ ಜೊತೆ ನೇರವಾಗಿ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತವೆ, ನಡುವೆ ಯಾರೂ ಬೇಡ. ಇವತ್ತು ನೀವು ಹಾಕಿಕೊಂಡಿರುವ ಹತ್ತಿ ಟೀ ಶರ್ಟಿನದು ಬಹುಶಃ ಇದೇ ಬಣ್ಣ. ಇದರ ತೊಂದರೆ ಏನೆಂದರೆ ಹಂಡೆಗೆ ಹಾಕಿದ್ದೆಲ್ಲ ನೂಲಿಗೆ ಹತ್ತುವುದಿಲ್ಲ, ಉಳಿದದ್ದು ನೀರಿನ ಜೊತೆ ಹೋಗುತ್ತದೆ, ಶುದ್ಧ ಮಾಡದೆ ಬಿಟ್ಟರೆ ಹೊಳೆಗೇ ಸೇರುತ್ತದೆ. ಗಿಡದ ಬಣ್ಣ ಹಾಕುವಾಗಲೂ ಪಟಿಕದ ಬದಲು ಕ್ರೋಮಿಯಂ ಲವಣ ಹಾಕಿದರೆ ಆ ನೀರೂ ವಿಷವೇ. ಹಾಗಾಗಿ ನೈಸರ್ಗಿಕ ಅನ್ನುವ ಚೀಟಿ ನೋಡಿ ಕೊಳ್ಳುವಾಗ, ಬಣ್ಣವನ್ನು ಯಾವುದರಿಂದ ನಿಲ್ಲಿಸಿದ್ದೀರಿ ಎಂದೂ ಕೇಳಿ.

ಇಷ್ಟು ಹೊತ್ತು ಹೇಳಿದ್ದು ಬಟ್ಟೆಯ ಮಾತು. ಗೋಡೆಯ ಲೆಕ್ಕವೇ ಬೇರೆ. ಅದಕ್ಕೆ ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕಿಂತ ಒಳ್ಳೆಯ ಪಾಠಶಾಲೆ ನಮಗೆ ಬೇಡ. 1688ರ ದೇವಸ್ಥಾನ, ಗೋಡೆಗಳ ಮೇಲೆ ಕಾವಿ ಚಿತ್ರ. ಇದು ಕುಂಚದಿಂದ ಬಿಡಿಸಿದ್ದಲ್ಲ, ಕೆರೆದು ತೆಗೆದದ್ದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಒಂದು ಪದರ ಬಳಿದು, ಅದು ಹಸಿ ಇರುವಾಗಲೇ ಚೂಪಾದ ಉಳಿಯಿಂದ ಬೇಡವಾದಲ್ಲಿ ಕೆಂಪನ್ನು ಕೆರೆದರೆ ಅಡಿಯ ಬಿಳಿ ಕಾಣುತ್ತದೆ. ಗೋವಾದಿಂದ ಹಿಡಿದು ಕಾರವಾರ, ಅಂಕೋಲಾ, ಕುಮಟಾದವರೆಗೆ ಹಳೆಯ ಗುಡಿ, ಮನೆಗಳಲ್ಲಿ ಈ ಕೆಲಸ ಇದೆ.

ಕೆಮ್ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು. ಗಾಳಿಯ ಆಮ್ಲಜನಕ ಮಾಡಬೇಕಾದದ್ದೆಲ್ಲ ಅದಕ್ಕೆ ಆಗಲೇ ಮಾಡಿ ಮುಗಿಸಿದೆ, ಬಿಸಿಲಿಗೆ ಒಡೆಯಲು ಅಲ್ಲಿ ಏನೂ ಉಳಿದಿಲ್ಲ. ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಸುಮಾರು 1,00,000 ವರ್ಷದ ಹಿಂದೆ ಯಾರೋ ಕೆಮ್ಮಣ್ಣು ಅರೆದು ಸಮುದ್ರದ ಚಿಪ್ಪಿನಲ್ಲಿ ಇಟ್ಟಿದ್ದರು, ಅದು ಇವತ್ತಿಗೂ ಕೆಂಪಾಗೇ ಇದೆ. ಕಾವಿಯಲ್ಲಿ ಅದನ್ನು ಹಿಡಿದಿಡುವುದು ಸುಣ್ಣ. ಹಸಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಕೆಂಪು ಕಣಗಳು ಆ ಕಲ್ಲಿನೊಳಗೇ ಸೇರಿಹೋಗುತ್ತವೆ.

ಬಿಸಿಲಿಗೆ ಬಗ್ಗದ ಈ ಗೋಡೆಗೆ ಶತ್ರು ನೀರು, ಮತ್ತು ಈಚೆಗೆ ಪೇಂಟ್ ಡಬ್ಬಿ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡು ಆಮೇಲೆ ಬಿಟ್ಟುಕೊಡುತ್ತದೆ. ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಗಾರೆಯನ್ನೇ ಸಡಿಲ ಮಾಡುತ್ತದೆ, ಪೇಂಟ್ ಸಿಪ್ಪೆ ಏಳುವಾಗ ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ. ನಿಮ್ಮೂರ ಗುಡಿಯಲ್ಲೋ ಅಜ್ಜನ ಮನೆಯಲ್ಲೋ ಇಂಥ ಗೋಡೆ ಇದ್ದರೆ ದಯವಿಟ್ಟು ಅದರ ಮೇಲೆ ಏನೂ ಬಳಿಸಬೇಡಿ. ಮೊದಲು ಹಂಚು ಸೋರುವುದನ್ನು ನಿಲ್ಲಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡಿ. ಗಾರೆ ಉದುರುತ್ತಿದ್ದರೆ ಸಿಮೆಂಟ್ ಮೆತ್ತಿಸದೆ, ಸುಣ್ಣದ ಕೆಲಸ ಗೊತ್ತಿರುವವರನ್ನೇ ಹುಡುಕಿ ಕರೆಸಿ.