ಮರಳಿ ಬಂದ ಇಂಗಾಲದ ಕಡ್ಡಿ: ಗೌಜಿಂಗ್ ವಿಧಾನದ ಹಿನ್ನೆಲೆ

ಭೀಮಾ ಕಣಿವೆಯ ಸುಣ್ಣದಕಲ್ಲನ್ನು ನಂಬಿಕೊಂಡು ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದಿವೆ. ಇಂಥ ಕಾರ್ಖಾನೆಯಲ್ಲಿ ಸುಣ್ಣದಕಲ್ಲನ್ನು ಸುಡುವ, ಕೊಳವೆಯಾಕಾರದ ತಿರುಗುವ ಕುಲುಮೆಯಾದ ಕಿಲ್ನ್‌ನ ದಪ್ಪ ಉಕ್ಕಿನ ಕವಚದಲ್ಲಿ ಬಿರುಕು ಬಿಟ್ಟಾಗ ಅದರ ಮೇಲೆ ವೆಲ್ಡಿಂಗ್ ರಾಡ್ ಎಳೆದು ಮುಚ್ಚಿದರೆ ಸಾಲದು. ಒಳಗುಳಿದ ಬುಡ, ಕಿಲ್ನ್ ಮತ್ತೆ ಕಾದು ತಿರುಗತೊಡಗಿದ ಮೇಲೆ, ಅಲ್ಲಿಂದಲೇ ಬಾಯಿ ತೆರೆಯುತ್ತದೆ. ಆದ್ದರಿಂದ ಬಿರುಕಿನ ತುದಿಗಳಲ್ಲಿ ರಂಧ್ರ ಕೊರೆದು, ಅದು ಹಬ್ಬದಂತೆ ತಡೆದು, ಬುಡದವರೆಗೆ ಲೋಹ ತೆಗೆದ ನಂತರವೇ ಹೊಸ ಬೆಸುಗೆ ತುಂಬಬೇಕು. ಹೀಗೆ ತೋಡಿ ತೆಗೆಯುವುದೇ ಗೌಜಿಂಗ್.

ಇದಕ್ಕೆ ಬಳಸುವ ಇಂಗಾಲದ ಕಡ್ಡಿಗೆ ಆರ್ಕ್ (ವಿದ್ಯುತ್ ಕಿಡಿ) ವೆಲ್ಡಿಂಗ್‌ನಷ್ಟೇ ವಯಸ್ಸಾಗಿದೆ. 1880ರ ದಶಕದಲ್ಲಿ ಸಂಶೋಧಕರಾದ ನಿಕೊಲಾಯ್ ಬೆನಾರ್ದೋಸ್ ಮತ್ತು ಓಲ್ಶೆವ್ಸ್ಕಿ ಇಂಗಾಲದ ಕಡ್ಡಿಯಿಂದ ಆರ್ಕ್ ಹೊತ್ತಿಸಿ ಲೋಹ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ತಾನೇ ಕರಗಿ ಬೆಸುಗೆಗೆ ಸೇರುವ ಲೋಹದ ರಾಡನ್ನು 1888ರಲ್ಲಿ ರಷ್ಯಾದ ಎಂಜಿನಿಯರ್ ಸ್ಲಾವ್ಯಾನೊವ್ ಬಳಕೆಗೆ ತಂದ ಮೇಲೆ ಇಂಗಾಲ ಮೆಲ್ಲಗೆ ಹಿಂದೆ ಸರಿಯಿತು. ಕತ್ತರಿಸುವ ಕೆಲಸವನ್ನು ಮುಂದೆ ಆಕ್ಸಿ-ಅಸಿಟಿಲಿನ್ ಜ್ವಾಲೆ ವಹಿಸಿಕೊಂಡಿತು. ಆದರೆ ಈ ಗ್ಯಾಸ್ ಕಟಿಂಗ್ ಎಂದರೆ ಕಾದ ಉಕ್ಕನ್ನು ಆಮ್ಲಜನಕದಲ್ಲಿ ಉರಿಸುವುದು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡ್ ಸುಲಭವಾಗಿ ಕರಗದೆ ಆ ಉರಿಗೆ ಅಡ್ಡ ನಿಲ್ಲುತ್ತದೆ, ಬೀಡು ಕಬ್ಬಿಣವೂ ಅದಕ್ಕೆ ಒಗ್ಗುವುದಿಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಇಂಗಾಲದ ಆರ್ಕಿಗೆ ಒತ್ತಡದ ಗಾಳಿಯನ್ನು ಜೋಡಿಸಿದಾಗ ಈ ತೊಡಕು ಬಗೆಹರಿಯಿತು. ಆರ್ಕ್ ಕರಗಿಸುತ್ತದೆ, ಗಾಳಿ ತಳ್ಳುತ್ತದೆ, ಲೋಹ ಉರಿಯಲೇಬೇಕೆಂದಿಲ್ಲ.

ಬೆಸೆಯಲೆಂದು ಹುಟ್ಟಿದ ಕಡ್ಡಿ ಬೆಸುಗೆಯನ್ನೇ ಬಗೆದು ತೆಗೆಯಲು ಮರಳಿದ್ದು ಈ ಇತಿಹಾಸದಲ್ಲಿ ನನಗೆ ಬಹಳ ಮೆಚ್ಚಿಕೆಯಾದ ತಿರುವು.

ತಾಮ್ರ ಲೇಪಿಸಿದ ಕಡ್ಡಿಯನ್ನು ಹೋಲ್ಡರಿಗೆ ಸಿಕ್ಕಿಸಿ, ಕಂಪ್ರೆಸರ್‌ನಿಂದ ಚದರ ಸೆಂಟಿಮೀಟರಿಗೆ ಆರೇಳು ಕೆಜಿ ಒತ್ತಡದ ಗಾಳಿ ಬಿಟ್ಟ ನಂತರವೇ ಆರ್ಕ್ ಹೊಡೆಯಬೇಕು. ಕಡ್ಡಿ ಓರೆಯಾಗಿ ಸಾಗಿದಂತೆ ಕರಗಿದ ಉಕ್ಕು ಕೆಂಡದ ಮಳೆಯಾಗಿ ಮುಂದಕ್ಕೆ ಸಿಡಿಯುತ್ತದೆ, ಹಿಂದೆ ದೋಣಿಯ ಒಡಲಿನಂಥ ತೋಡು ಉಳಿಯುತ್ತದೆ. ಸದ್ದು 100 ಡೆಸಿಬಲ್ ದಾಟುತ್ತದೆ. ಕಪ್ಪು ಗಾಜಿನಷ್ಟೇ ಅಗತ್ಯವಾದ ಕಿವಿಯ ರಕ್ಷಣೆಯನ್ನು ಹೆಚ್ಚುವರಿ ಸೌಲಭ್ಯವೆಂದು ಕಾಣುವುದು ತಪ್ಪು. ಗಾಳಿ ಕಡಿಮೆಯಾದರೆ ಇಂಗಾಲ ಉಕ್ಕಿನೊಳಗೆ ಸೇರಿ ಮೇಲ್ಮೈ ಗಡುಸಾಗಿ, ಮುಂದೆ ಅಲ್ಲಿಯೇ ಹೊಸ ಬಿರುಕು ಏಳಬಹುದು. ಅದಕ್ಕಾಗಿ ತೋಡನ್ನು ಹೊಳೆಯುವವರೆಗೆ ಗ್ರೈಂಡ್ ಮಾಡಿ, ಬಿರುಕಿದ್ದರೆ ಒಳಗಿಳಿಯುವ ಕೆಂಪು ದ್ರವ ಹಚ್ಚಿ ಒರೆಸಿ, ಆ ಕೆಂಪನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿ ಕಾಯುತ್ತಾರೆ. ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿದರೂ ಮತ್ತೆ ಗೌಜಿಂಗ್. ಮೂಡದಿದ್ದರೆ ಮಾತ್ರ ವೆಲ್ಡಿಂಗ್ ರಾಡ್ ಕೈಗೆ ಬರುತ್ತದೆ.