ಮಳೆ ರಜೆ ಮುಗಿದ ಮೇಲೆ ಪಾಠ ಎಲ್ಲಿಂದ ಶುರು?

ಜೂನ್ ಬಂತು ಅಂದರೆ ಪಿಯು ಕಾಲೇಜಿನ ಉಪನ್ಯಾಸಕರೆಲ್ಲ ಒಂದು ದೊಡ್ಡ ಸುಳ್ಳು ಬರೆಯುತ್ತೇವೆ. ಅದರ ಹೆಸರು ವಾರ್ಷಿಕ ಪಾಠ ಯೋಜನೆ. ವಾರಕ್ಕೆ 4 ಪೀರಿಯಡ್, 30 ವಾರ, ಒಟ್ಟು 120. ಜೂನ್‌ಗೆ ಇಷ್ಟು ಪದ್ಯ, ಜುಲೈಗೆ ಇಷ್ಟು ಗದ್ಯ, ಆಗಸ್ಟ್‌ಗೆ ಗ್ರಾಮರ್. ಮಡಿಕೇರಿ ಕಡೆ ಇಂಗ್ಲಿಷ್ ಕಲಿಸುವವಳಿಗೆ ಜುಲೈ ಅಂದರೆ ಏನು ಅಂತ ಗೊತ್ತಿರಬೇಕು, ಅಲ್ವಾ? ಆದರೂ ವರ್ಷಾನುಗಟ್ಟಲೆ ಹಾಗೇ ಬರೆದೆ.

ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಜಿಲ್ಲಾಧಿಕಾರಿಗಳ ಆದೇಶ, ಇವತ್ತು ರಜೆ. ನಾಳೆಯೂ ರಜೆ. ಕರೆಂಟ್ ಹೋಗಿ ಮೂರು ದಿನ, ಹಾಗಾಗಿ ಆನ್‌ಲೈನ್ ಕ್ಲಾಸ್ ಮಾತೇ ಬೇಡ. ಮಳೆ ಇಳಿಯಿತು ಅನ್ನುವಾಗ ಹಬ್ಬಗಳ ಸಾಲು, ಕೈಲ್ ಪೊಳ್ದ್, ದಸರಾ, ತುಲಾ ಸಂಕ್ರಮಣ, ಪುತ್ತರಿ. ಅಷ್ಟರಲ್ಲಿ ಕಾಫಿ ಕೊಯ್ಲು ಶುರು, ಹಿಂದಿನ ಬೆಂಚು ಖಾಲಿ. ರಜೆ ಕಳೆದು ಕ್ಲಾಸಿಗೆ ಬಂದ ಮಕ್ಕಳು ಹೇಳುವುದು ಒಂದೇ, ‘ಮಿಸ್, ಎಲ್ಲಾ ಮರ್ತು ಹೋಯ್ತು.’ ನಾವು ಮಾಡುವುದೂ ಒಂದೇ, ಪೋರ್ಷನ್ ಓಡಿಸುವುದು.

ಹಾಳು ಮಾಡುತ್ತಿರುವುದು ರಜೆಯಲ್ಲ, ರಜೆ ಆದ ಮೇಲಿನ ಈ ಓಟ. ಇದು ನನಗೆ ಹೊಳೆದದ್ದು ನೆನಪಿನ ಬಗ್ಗೆ ಓದಲು ಶುರು ಮಾಡಿದ ಮೇಲೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅಂತ ಲೆಕ್ಕ ಇಟ್ಟ. ಪ್ರಯೋಗಕ್ಕೆ ಸಿಕ್ಕ ಮನುಷ್ಯ ಅವನೊಬ್ಬನೇ. 1885ರಲ್ಲಿ ಅದನ್ನು ಪುಸ್ತಕ ಮಾಡಿ ಹೊರತಂದ. 20 ನಿಮಿಷಕ್ಕೇ ಉಳಿತಾಯ ಶೇ. 58ಕ್ಕೆ ಇಳಿದಿತ್ತು. ಒಂದು ದಿನಕ್ಕೆ ಶೇ. 34. ಆದರೆ 31 ದಿನ ಆದ ಮೇಲೂ ಶೇ. 21 ಇತ್ತು! ಮರೆವು ಮೊದಲ ದಿನ ಓಡುತ್ತದೆ, ಆಮೇಲೆ ಕುಂಟುತ್ತದೆ. ಅಂದರೆ ನಮ್ಮ ಮಕ್ಕಳು ಕಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಪಾಠ ಮಾಡಿದ ದಿನ ಸಂಜೆಯೇ ಹೋಗಿರುತ್ತದೆ. ಬೈಗುಳ ಮಾತ್ರ ಮಳೆಗೆ. (ಕಥೆಯೋ ಪದ್ಯವೋ ಅರ್ಥವಿಲ್ಲದ ಉಚ್ಚಾರಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಅದು ಬೇರೆ ಮಾತು.)

ಇನ್ನೂ ಚೆಂದದ ಪ್ರಯೋಗ ಒಂದು ಕುಟುಂಬದ್ದು. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾಹ್ರಿಕ್, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ಕೂ ಜನ ಸೇರಿ ಬೇರೆ ಭಾಷೆಯ 300 ಪದಗಳನ್ನು ಕಲಿತರು. ಕೆಲವು ಪದಗಳನ್ನು 14 ದಿನಕ್ಕೊಮ್ಮೆ ಮತ್ತೆ ನೋಡಿದರು, ಕೆಲವನ್ನು 28ಕ್ಕೆ, ಇನ್ನು ಕೆಲವನ್ನು 56 ದಿನಕ್ಕೆ. ಆಮೇಲೆ ಐದು ವರ್ಷದವರೆಗೂ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡರು. 1993ರಲ್ಲಿ ಫಲಿತಾಂಶ ಹೊರಬಂತು. 56 ದಿನದ ಅಂತರದಲ್ಲಿ 13 ಸಲ ಕಲಿತದ್ದು, 14 ದಿನದ ಅಂತರದಲ್ಲಿ 26 ಸಲ ಕಲಿತದ್ದಕ್ಕೆ ಸಮವಾಗಿತ್ತು. ಅರ್ಧ ಕೆಲಸ, ಅಷ್ಟೇ ನೆನಪು. ಆದರೆ ಅಂತರ ಜಾಸ್ತಿ ಇಟ್ಟಾಗ ಕಲಿಯುವಾಗ ಕಷ್ಟ ಜಾಸ್ತಿ, ಪ್ರತಿ ಸಲ ಕೂತಾಗಲೂ ಸುಮಾರು ಮರೆತುಹೋಗಿರುತ್ತದೆ. ಇದೇ ನಮ್ಮನ್ನು ಹೆದರಿಸುವುದು. ‘ಮರ್ತು ಹೋಯ್ತು’ ಅಂದ ಕೂಡಲೇ ಪಾಠ ಸೋತಿತು ಅಂದುಕೊಳ್ಳುತ್ತೇವೆ. ಅರ್ಧ ಮರೆತದ್ದನ್ನು ಮತ್ತೆ ಎಳೆದು ತರುವಾಗಲೇ ಅದು ಗಟ್ಟಿಯಾಗುವುದು.

ಹಾಗಾದರೆ ಎಷ್ಟು ದಿನ ಬಿಡಬೇಕು? 2008ರಲ್ಲಿ ಮನೋವಿಜ್ಞಾನಿ ಸೆಪೇಡಾ ಮತ್ತು ಸಂಗಡಿಗರು 1350ಕ್ಕೂ ಹೆಚ್ಚು ಜನರ ಮೇಲೆ ಇದನ್ನು ನೋಡಿದರು. ಒಂದು ವರ್ಷ ನೆನಪಿರಬೇಕಾದರೆ ಅಂತರ ಆ ಅವಧಿಯ ಶೇ. 5ರಿಂದ 10ರಷ್ಟಿದ್ದರೆ ಒಳ್ಳೆಯದು. ಹೆಚ್ಚುಕಡಿಮೆ ಮೂರರಿಂದ ಐದು ವಾರ.

ಪೋಷಕರ ಸಭೆಯಲ್ಲಿ ಇದನ್ನೇ ಒಬ್ಬರು ಕಾಫಿ ಬೆಳೆಗಾರರಿಗೆ ಉದ್ದಕ್ಕೆ ವಿವರಿಸುತ್ತಿದ್ದೆ. ಅವರು ಮಧ್ಯೆಯೇ, ‘ಬ್ಯಾಕಿಂಗ್ ಶವರ್ ತಾನೇ ಮೇಡಂ?’ ಅಂದರು. ಹೂಮಳೆ ಬಿದ್ದು ಹೂ ಅರಳುತ್ತದೆ. ಅರಳಿದ ದಿನವೇ ಮತ್ತೆ ಸುರಿದರೆ ಪರಾಗಸ್ಪರ್ಶ ಕೆಡುತ್ತದೆ. ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆ, ಅದೇ ಬ್ಯಾಕಿಂಗ್ ಶವರ್, ಬಂದರೆ ಕಾಯಿ ಕಚ್ಚುತ್ತದೆ, ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ನಾನು ಬಾಯಿ ಮುಚ್ಚಿಕೊಂಡೆ.

ಯಾವ ಪಾಠಕ್ಕೆ ಹೀಗೆ ಬಿಟ್ಟು ಬಿಟ್ಟು ನೋಡುವುದು ಜಾಸ್ತಿ ಬೇಕು ಅಂದರೆ, ನನ್ನ ಮಟ್ಟಿಗೆ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವ ರೀತಿ. ನಮ್ಮ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲ ಇದೆ. ಆದರೆ ತಪ್ಪು ಮಾತ್ರ ಎಲ್ಲರದ್ದೂ ಒಂದೇ. ‘ನಾಳೆ ಬರ್ತೀನಿ ಅಂತ ರವಿ ಹೇಳಿದ’ ಅನ್ನುವುದನ್ನು ನೋಡಿ. ರವಿ ಏನಂದನೋ ಅದನ್ನು ಹಾಗೇ ಇಟ್ಟು ‘ಅಂತ’ ಅಂಟಿಸಿದರೆ ಆಯಿತು. ಮಲಯಾಳಂನ ‘ಎನ್ನ್’ ಕೂಡ ಇದೇ ಕೆಲಸ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ‘ಐ’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು, ‘ಟುಮಾರೋ’ ಹೋಗಿ ‘ದಿ ನೆಕ್ಸ್ಟ್ ಡೇ’. ಮಕ್ಕಳು ‘ರವಿ ಸೆಡ್ ದಟ್ ಐ ವಿಲ್ ಕಮ್’ ಅಂತ ಬರೆಯುತ್ತಾರೆ. ದಡ್ಡತನ ಅಲ್ಲ ಅದು, ಮನೆಯ ಮಾತಿನ ನಿಯಮವನ್ನು ನೆಟ್ಟಗೆ ಪಾಲಿಸಿದ್ದು. ಹುಟ್ಟಿದಾಗಿನಿಂದ ಕೂತಿರುವ ಅಭ್ಯಾಸ, ಆಗಸ್ಟ್‌ನ ಒಂದೇ ವಾರದಲ್ಲಿ ಏಳುವುದಿಲ್ಲ. ಆ ವಾರ 20 ವಾಕ್ಯ ಕೊಟ್ಟರೆ 20ನ್ನೂ ಸರಿ ಮಾಡುತ್ತಾರೆ, ಯಾಕೆಂದರೆ ಇವತ್ತು ಏನು ಬದಲಿಸಬೇಕು ಅಂತ ಮೊದಲೇ ಗೊತ್ತು. ಪ್ಯಾಸಿವ್ ವಾಯ್ಸ್ ಜೊತೆ ಕಲಸಿ ಕೊಡಿ, ಆಗ ಗೊತ್ತಾಗುತ್ತದೆ.

ಪದಗಳ ಕಥೆ ಚಿಕ್ಕದು. ಢಾಕಾದಲ್ಲಿ ಮೇಷ್ಟ್ರಾಗಿದ್ದ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಇಂಗ್ಲಿಷ್ ಪದಗಳ ಒಂದು ಪಟ್ಟಿ ಪ್ರಕಟಿಸಿದರು. ಸಾಧಾರಣ ಬರಹದ ಶೇ. 80ರಷ್ಟು ಇದರಲ್ಲೇ ಮುಗಿಯುತ್ತದೆ. ನಮ್ಮ ಮಕ್ಕಳು ಗೈಡ್‌ನಲ್ಲಿ ಗೆರೆ ಎಳೆದ ಕಷ್ಟದ ಪದಗಳನ್ನು ಉರು ಹೊಡೆಯುತ್ತಾರೆ, ‘ಆಲ್‌ದೋ’, ‘ಅನ್‌ಲೆಸ್’ ಬಂದಾಗ ಎಡವುತ್ತಾರೆ. ಮತ್ತೆ ಮತ್ತೆ ನೋಡಬೇಕಾದದ್ದು ಈ ಸಣ್ಣವನ್ನು.

ಈಗ ರಜೆ ಮುಗಿದ ದಿನ ನಾನು ಪುಸ್ತಕ ತೆಗೆಸುವುದಿಲ್ಲ. ಒಂದು ಖಾಲಿ ಹಾಳೆ, ಹತ್ತು ನಿಮಿಷ, ನೆನಪಿದ್ದದ್ದು ಬರೆಯಿರಿ. ಮಾರ್ಕ್ಸ್ ಇಲ್ಲ. ಇದರ ಹಿಂದೆಯೂ ಒಂದು ಪ್ರಯೋಗ ಇದೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಕೆಲವು ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು, ಉಳಿದವರಿಗೆ ಒಮ್ಮೆ ಓದಿಸಿ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಓದಿದವರೇ ಮುಂದು, ಶೇ. 81ಕ್ಕೆ 75. ಒಂದು ವಾರ ಬಿಟ್ಟು ನೋಡಿದರೆ ಓದಿದವರಿಗೆ ಶೇ. 42, ಬರೆದವರಿಗೆ 56. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವವರು ಪಾಸಾಗುತ್ತಾರೆ, ಸುಳ್ಳಲ್ಲ. ಆದರೆ ದ್ವಿತೀಯ ಪಿಯುಗೆ ಬಂದಾಗ ಮೊದಲ ವರ್ಷದ್ದು ಏನೂ ಇರುವುದಿಲ್ಲ.

ಈ ಸಲದ ಯೋಜನೆಯಲ್ಲಿ ರಿಪೋರ್ಟೆಡ್ ಸ್ಪೀಚ್ ಜೂನ್‌ನಲ್ಲೇ ಇದೆ, ಆಮೇಲೆ ಮಳೆ ರಜೆ ಕಳೆದ ಮೇಲೆ, ಕೈಲ್ ಪೊಳ್ದ್ ಆದ ಮೇಲೆ, ಪುತ್ತರಿ ಆದ ಮೇಲೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಅರ್ಧ ಪೀರಿಯಡ್ ಮಾತ್ರ. ಜನವರಿಗೆ ಹೊಸ ಪಾಠ ಒಂದೂ ಇಟ್ಟಿಲ್ಲ, ರೋಬಸ್ಟಾ ಕೊಯ್ಲಿಗೆ ಹೋದವರು ಬಂದಾಗ ಸೇರಿಕೊಳ್ಳಲಿ ಅಂತ. ಪ್ರಿನ್ಸಿಪಾಲರು ಹಾಳೆ ತಿರುವಿ ತಿರುವಿ ನೋಡಿದರು. ‘ಒಂದೇ ಪಾಠ ನಾಲ್ಕು ಕಡೆ ಟೈಪ್ ಆಗಿದೆಯಲ್ಲ ಮೇಡಂ, ಕಾಪಿ ಪೇಸ್ಟ್ ಮಾಡುವಾಗ ತಪ್ಪಾಯಿತಾ?’ ಇಲ್ಲ ಸಾರ್, ಬೇಕೂಂತಲೇ ಹಾಕಿದ್ದು ಅಂದೆ. ಸಹಿ ಹಾಕಿದರು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದರು.