ಬಲ್ಬ್ ಬದಲಿಸುವ ಮೊದಲು ಬ್ಯಾಲಸ್ಟ್ ನೋಡಿ

ಕೈಯಲ್ಲಿ ಹಿಡಿಯುವ ಎಚ್‌ಐಡಿ (ತಂತಿಯ ಬದಲು ಅನಿಲದಲ್ಲಿ ಹಾಯುವ ಕಿಡಿಯಿಂದ ಬೆಳಗುವ) ಸರ್ಚ್‌ಲೈಟ್ ರಿಪೇರಿಗೆ ಬಂದಾಗ ಹೆಚ್ಚಾಗಿ ಕೇಳುವ ಮಾತು ಒಂದೇ: "ಬಲ್ಬ್ ಹೋಗಿದೆ, ಹೊಸದು ಹಾಕಿಕೊಡಿ." ಈಚೆಗೆ ಒಬ್ಬರು ಎರಡು ಬಲ್ಬ್ ಬದಲಿಸಿ ನೋಡಿ, ಸಾಕಾಗಿ ಲೈಟನ್ನು ತಂದಿದ್ದರು. ಸ್ವಿಚ್ ಒತ್ತಿದರೆ ಚಟ್ ಎಂಬ ಸದ್ದು, ಒಂದು ನೀಲಿ ಮಿಂಚು, ಮತ್ತೆ ಕತ್ತಲು. ನಾನು ಬಲ್ಬ್ ಮುಟ್ಟಲಿಲ್ಲ. ಬಲ್ಬಿನ ಕರೆಂಟನ್ನು ಹತೋಟಿಯಲ್ಲಿಡುವ ಬ್ಯಾಲಸ್ಟ್‌ಗೆ ಹೋಗುವ ವೈರಿಗೆ ಮೀಟರ್ ಹಿಡಿದು ಸ್ವಿಚ್ ಒತ್ತಿದೆ. 11.4 ವೋಲ್ಟ್ ಇದ್ದದ್ದು ಒಂದೇ ಏಟಿಗೆ 8.6ಕ್ಕೆ ಕುಸಿಯಿತು. ಬಿಚ್ಚಿ ನೋಡಿದರೆ ಸ್ವಿಚ್ಚಿನ ಟರ್ಮಿನಲ್ ಸುಟ್ಟು ಕಪ್ಪಾಗಿತ್ತು. ಸ್ವಿಚ್ ಬದಲಿಸಿದ ಮೇಲೆ, ಅವರು ಕೆಟ್ಟಿದೆಯೆಂದು ತೆಗೆದಿಟ್ಟಿದ್ದ ಮೊದಲ ಬಲ್ಬೇ ಹೊತ್ತಿಕೊಂಡಿತು.

ಎಚ್‌ಐಡಿ ಬಲ್ಬಿನಲ್ಲಿ ತಂತಿ ಇಲ್ಲ. ಗಟ್ಟಿ ಗಾಜಿನ ಪುಟ್ಟ ಗುಳಿಗೆಯೊಳಗೆ ಎರಡು ಎಲೆಕ್ಟ್ರೋಡು, ನಡುವೆ ಸುಮಾರು 4 ಮಿಲಿಮೀಟರ್ ಅಂತರ, ಸುತ್ತ ಜೆನಾನ್ ಅನಿಲ ಮತ್ತು ಲೋಹದ ಲವಣಗಳು. ಈ ಅಂತರವನ್ನು ಕಿಡಿ ದಾಟಬೇಕಾದರೆ 20,000 ವೋಲ್ಟಿಗೂ ಮೇಲಿನ ಹೊಡೆತ ಬೇಕು. ಅದನ್ನು ಕೊಡುವುದು ಇಗ್ನೈಟರ್. ಕಿಡಿ ಹಿಡಿದ ಮೇಲೆ ತೊಂದರೆ ಉಲ್ಟಾ ಆಗುತ್ತದೆ: ಸುಮ್ಮನೆ ಬಿಟ್ಟರೆ ಬಲ್ಬು ಕರೆಂಟನ್ನು ಎಳೆದುಕೊಳ್ಳುತ್ತಲೇ ಹೋಗಿ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಕಡಿವಾಣ ಹಾಕುವುದೇ ಬ್ಯಾಲಸ್ಟ್. ಜೊತೆಗೆ, ಲವಣಗಳು ಬೇಗ ಕಾದು ಆವಿಯಾಗಲೆಂದು ಮೊದಲ ಕೆಲವು ಸೆಕೆಂಡು 35 ವಾಟಿನ ಬಲ್ಬಿಗೆ ಅದರ ಎರಡರಷ್ಟು ಶಕ್ತಿ ತುಂಬಿ, ಆಮೇಲೆ ಮೆಲ್ಲಗೆ 35ಕ್ಕೆ ಇಳಿಸುತ್ತದೆ. ಕಾರಿನ ಹೆಡ್‌ಲೈಟಿಗೂ ಬಳಸುವ ಈ ಬಲ್ಬುಗಳಿಗೆ ವಿಶ್ವಸಂಸ್ಥೆಯ 99ನೇ ನಿಯಮ ವಿಧಿಸಿರುವ ಅಳತೆ ಹೀಗಿದೆ: ಒಂದು ಸೆಕೆಂಡಿಗೆ ಕಾಲುಭಾಗ ಬೆಳಕು, ನಾಲ್ಕು ಸೆಕೆಂಡಿಗೆ 80 ಶೇಕಡಾ.

ಕೈಲೈಟಿನಲ್ಲಿ ಎಡವುವುದು ಈ ಮೊದಲ ಸೆಕೆಂಡುಗಳಲ್ಲೇ. ಕಾರಿನಲ್ಲಿ ಬ್ಯಾಲಸ್ಟ್‌ನ ಬೆನ್ನಿಗೆ ದೊಡ್ಡ ಬ್ಯಾಟರಿ ಇರುತ್ತದೆ. ಇಲ್ಲಿ ಮೂರು ಲಿಥಿಯಂ ಸೆಲ್ಲಿನ ಪ್ಯಾಕ್. 11 ವೋಲ್ಟಿನಲ್ಲಿ ಸ್ಥಿರವಾಗಿ ಉರಿಯುವ ಬೆಳಕಿಗೆ ಸುಮಾರು 4 ಆಂಪಿಯರ್ ಸಾಕು. ಹೊತ್ತಿಸುವಾಗ 8ರ ಮೇಲೆ ಹೋಗುತ್ತದೆ. ದಾರಿಯಲ್ಲಿ ಎಲ್ಲೋ 0.2 ಓಮ್ ತಡೆ ಇದ್ದರೆ ಅಲ್ಲೇ 1.6 ವೋಲ್ಟ್ ಹೋಯಿತು. ವೋಲ್ಟೇಜ್ ಕುಸಿದಷ್ಟೂ ಬ್ಯಾಲಸ್ಟ್ ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಸಾಮಾನ್ಯ ಬ್ಯಾಲಸ್ಟ್ 9 ವೋಲ್ಟಿನ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಹಾಗೆಂದು ನಾಲ್ಕು ಸೆಲ್ ಹಾಕಿದರೆ ಪೂರ್ತಿ ಚಾರ್ಜಿನಲ್ಲಿ 16.8 ವೋಲ್ಟ್, ಎಷ್ಟೋ ಬ್ಯಾಲಸ್ಟ್‌ಗಳ ಮೇಲಿನ ಮಿತಿ 16. ಬ್ಯಾಲಸ್ಟ್ ಕೊಳ್ಳುವಾಗ ನಾನು ಮೊದಲು ಓದುವುದು ಅದರ ಬೆನ್ನಿಗಂಟಿಸಿದ ಚೀಟಿಯಲ್ಲಿನ ಈ ಎರಡು ಅಂಕಿಗಳನ್ನು.

ಬಲ್ಬಿನ ವಿಷಯಕ್ಕೆ ಬಂದರೆ, ಕಾರಿನ ಎಚ್‌ಐಡಿ ಬಲ್ಬಿನ ಮಾದರಿಗಳಾದ ಡಿ2ಎಸ್ ಮತ್ತು ಡಿ4ಎಸ್ ನೋಡಲು ಅಣ್ಣತಮ್ಮಂದಿರಂತೆ. ಎರಡೂ 35 ವಾಟ್. ಆದರೆ ಪಾದರಸವಿರುವ ಡಿ2ಎಸ್ 85 ವೋಲ್ಟಿನಲ್ಲಿ ಉರಿಯುತ್ತದೆ, ಪಾದರಸವಿಲ್ಲದ ಡಿ4ಎಸ್ 42ರಲ್ಲಿ. ಅಂದರೆ ಎರಡನೆಯದಕ್ಕೆ ಹೆಚ್ಚುಕಡಿಮೆ ಇಮ್ಮಡಿ ಕರೆಂಟ್. ಒಂದರ ಬ್ಯಾಲಸ್ಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಡಿ1ಎಸ್ ಮತ್ತು ಡಿ3ಎಸ್‌ನಲ್ಲಿ ಇಗ್ನೈಟರ್ ಬಲ್ಬಿನ ಬುಡದಲ್ಲೇ ಕೂತಿರುತ್ತದೆ, ಜಾಗ ಹೆಚ್ಚು ಬೇಕು.

ಪೆಟ್ಟಿಗೆಯ ಮೇಲಿನ ಕೆಲ್ವಿನ್ ಅಂಕಿಗೆ ಮರುಳಾಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದು ಬಣ್ಣದ ಅಳತೆ, ಬೆಳಕಿನ ಪ್ರಮಾಣದ್ದಲ್ಲ. 4,300 ಕೆಲ್ವಿನ್ ಆಸುಪಾಸಿನ ಒಳ್ಳೆಯ ಡಿ2ಎಸ್ ಸುಮಾರು 3,200 ಲುಮೆನ್ ಕೊಡುತ್ತದೆ; 8,000ದ ನೀಲಿ ಬಲ್ಬು ಅಷ್ಟೇ ವಾಟ್ ತಿಂದು ಕಡಿಮೆ ಕೊಡುತ್ತದೆ. ಮಂಜಿನಲ್ಲಿ ಆ ನೀಲಿ ಬೆಳಕು ಕಣ್ಣಿಗೆ ಇನ್ನಷ್ಟು ಕುಕ್ಕುತ್ತದೆ.

ಬೆಳಕು ದೂರ ಹೋಗಬೇಕೆಂದರೆ ಲುಮೆನ್ ಒಂದೇ ಸಾಲದು. ಕಿಡಿ ಎಷ್ಟು ಚಿಕ್ಕದು, ಎಷ್ಟು ಪ್ರಖರ, ಪ್ರತಿಫಲಕದ ಕೇಂದ್ರದಲ್ಲಿ ಸರಿಯಾಗಿ ಕೂತಿದೆಯೇ ಎಂಬುದೇ ಮುಖ್ಯ. ಬಲ್ಬನ್ನು ಒಂದೇ ಒಂದು ಮಿಲಿಮೀಟರ್ ಹಿಂದೆ ಸರಿಸಿ ಗೋಡೆ ನೋಡಿ: ಬಿಗಿಯಾದ ಬಿಳಿ ಚುಕ್ಕೆ ನಡುವೆ ಕಪ್ಪು ತೂತಿರುವ ಬಳೆಯಾಗುತ್ತದೆ. ಹ್ಯಾಲೊಜೆನ್ ಬುಡಕ್ಕೆ ಅಂಟಿಸಿದ ಅಗ್ಗದ ಬಲ್ಬುಗಳ ಕಿಡಿ ಹೀಗೆ ಆಚೀಚೆ ಇರುವುದು ಮಾಮೂಲು.

35 ವಾಟಿನ ಬಲ್ಬಿಗೆ 55 ವಾಟಿನ ಬ್ಯಾಲಸ್ಟ್ ಜೋಡಿಸಿ ಎಂದು ಕೇಳುವವರಿಗೆ ನಾನು ಒಪ್ಪುವುದಿಲ್ಲ. ಬೆಳಕು ಹೆಚ್ಚುತ್ತದೆ, ಸರಿ. ಆದರೆ ಗಾಜು ಬೇಗ ಮಬ್ಬಾಗುತ್ತದೆ, ಆಯುಸ್ಸು ಕುಗ್ಗುತ್ತದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಯಾಲಸ್ಟ್ ಕೂಡ ಬೇಯುತ್ತದೆ.

ರಿಪೇರಿಗೆ ಕೈ ಹಾಕುವವರು ಎರಡು ವಿಷಯ ಮರೆಯಬೇಡಿ. ಬ್ಯಾಟರಿ ಕಳಚದೆ ಬಲ್ಬಿನ ಹಿಂಬದಿಯನ್ನು ಮುಟ್ಟಬೇಡಿ; ಹೊತ್ತಿಸುವ ಹೊಡೆತ ಚರ್ಮ ಸುಡುತ್ತದೆ, ಎದೆಬಡಿತಕ್ಕೂ ಅಪಾಯ. ಹೊರಗಿನ ಗಾಜಿನ ಕೊಳವೆ ಒಡೆದ ಬಲ್ಬನ್ನು, ಉರಿಯುತ್ತಿದ್ದರೂ ಸರಿ, ಬಳಸಬೇಡಿ. ನೇರಳಾತೀತ ಕಿರಣವನ್ನು ತಡೆಯುತ್ತಿದ್ದುದು ಆ ಕೊಳವೆಯೇ.